ಅಪ್ಪನ ಸ್ನಾನಕ್ಕೆ ಅತ್ತಿಗೆ ಕಲಿತ ವಿದ್ಯೆ

ನಮ್ಮ ಅತ್ತಿಗೆಗೆ ಹೊಸದೇನಾದರೂ ಕಲಿಯುವ ಹುಚ್ಚು ಹಿಡಿಯಿತೆಂದರೆ ಮನೆಯಲ್ಲಿ ಯಾರಿಗೂ ಉಳಿಗಾಲವಿಲ್ಲ. ಈ ಸಲ ಹಿಡಿದದ್ದು ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವ ವಿದ್ಯೆ. ಆಸ್ಪತ್ರೆಯಲ್ಲಿ ಭಾನುವಾರದ ತರಗತಿ, ಗ್ರಂಥಾಲಯದಿಂದ ತಂದ ದಪ್ಪ ಪುಸ್ತಕ, ಹೊಲಿಗೆ ಯಂತ್ರಕ್ಕೆ ಒರಗಿಸಿಟ್ಟ ಫೋನಿನಲ್ಲಿ ತಜ್ಞರ ವಿಡಿಯೋ. ಕಾಲು ಯಂತ್ರ ತುಳಿಯುತ್ತಿದ್ದರೆ ಕಿವಿ ಪಾಠ ಕೇಳುತ್ತಿರುತ್ತದೆ. ನಾನು ಪಕ್ಕದ ಬೀದಿಯಲ್ಲಿರುವ ನಾದಿನಿ. ಇಬ್ಬರೂ ಓರಗೆಯವರಾದ್ದರಿಂದ ನಮ್ಮದು ಏಕವಚನದ ಸಲಿಗೆ. ಸಂಜೆ ಹೋದರೆ ನನಗೂ ಆ ಪಾಠದ ಮರುಪ್ರಸಾರ ತಪ್ಪುತ್ತಿರಲಿಲ್ಲ.

ಕಾಯಿಲೆ ನಮ್ಮಪ್ಪನಿಗೆ. ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ ಇಟ್ಟುಕೊಂಡು ಜೀವಮಾನವೆಲ್ಲ ಕತ್ತರಿ ಹಿಡಿದ ಟೈಲರ್ ಮಾಸ್ಟರು. ಈಗ ಮಗನ ಹೆಸರೂ ನೆನಪಿಲ್ಲ. ಅದನ್ನೆಲ್ಲ ಹೇಗೋ ನುಂಗಿಕೊಂಡಿದ್ದೆವು. ಆದರೆ ಸ್ನಾನ! ಅಂಗಿಯ ಗುಂಡಿಗೆ ಕೈ ಹಾಕಿದರೆ ಸಾಕು, “ಕಳ್ಳ! ಕಳ್ಳ!” ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಬೆನ್ನಿನ ಚರ್ಮ ಕೆಂಪಾಗಿ ಒಡೆಯತೊಡಗಿತ್ತು. ಮೈ ಶುಚಿಯಾಗದಿದ್ದರೆ ಕೀವಾಗುತ್ತದೆ, ಆಸ್ಪತ್ರೆಗೆ ಸೇರಿಸಲೇಬೇಕಾಗುತ್ತದೆ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು. ಹಿಂದಿನ ಸಲ ಸೇರಿಸಿದಾಗ ಅಪ್ಪನ ರಂಪ ತಡೆಯಲಾಗದೆ ಕೈಗಳನ್ನು ಮಂಚಕ್ಕೆ ಕಟ್ಟಿದ್ದರು. ಆ ಕೈಗಳನ್ನು!

ತರಗತಿಯ ನರ್ಸಮ್ಮ ಹೇಳಿಕೊಟ್ಟಿದ್ದರು: ಬಚ್ಚಲು ಬೆಚ್ಚಗಿರಲಿ, ಅವಸರ ಬೇಡ, ಕೈಗೊಂದು ಟವೆಲ್ ಕೊಡಿ, ಹಿಡಿದುಕೊಳ್ಳಲು ಏನಾದರೂ ಇದ್ದರೆ ಹೆದರಿಕೆ ಕಡಿಮೆ. ಅತ್ತಿಗೆ ಮನೆಗೆ ಓಡಿಬಂದವಳೇ ಅಪ್ಪನ ಕೈಗೊಂದು ದೊಡ್ಡ ಹೊಸ ಟವೆಲ್ ಕೊಟ್ಟು ಬಿಸಿನೀರು ತರಲು ಹೋದಳು. ಬಂದು ನೋಡಿದರೆ ಅಪ್ಪ ಅದನ್ನು ಅಂಗಡಿಯ ಮೇಜಿನ ಮೇಲೆ ಹರಡಿ, ಗೇಣು ಹಾಕಿ, ಕಚಕಚನೆ ಕತ್ತರಿಸಿಟ್ಟಿದ್ದಾರೆ!

“ತೋಳು ಆಯ್ತು. ಕಾಲರಿಗೆ ಬಟ್ಟೆ ಸಾಲಲ್ಲ,” ಎಂದರು ಗಂಭೀರವಾಗಿ.

ಆಗಷ್ಟೇ ಬಂದ ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. “ಹೋಗು ಅತ್ತಿಗೆ, ಇದನ್ನೂ ನಿನ್ನ ತಜ್ಞರಿಗೆ ಹೇಳು!”

“ಹೇಳ್ತೀನಿ, ಏನೀಗ?” ಎಂದು ಅಲ್ಲೇ ಫೋನ್ ಮಾಡಿಯೇಬಿಟ್ಟಳು. ಆ ಕಡೆ ನರ್ಸಮ್ಮನೂ ನಕ್ಕದ್ದು ನನಗೆ ಕೇಳಿಸಿತು. ಆಮೇಲೆ ಅವರೆಂದರು: “ಸ್ನಾನ ಅನ್ನೋ ಮಾತೇ ಬಿಡಿ. ಅವರ ಕೆಲಸದಲ್ಲಿ ನೀರು ಮುಟ್ಟೋದು ಏನಾದ್ರೂ ಇದೆಯಾ?”

ಅತ್ತಿಗೆ ಕತ್ತರಿಸಿದ ಟವೆಲ್ ಕಡೆ ನೋಡಿ, ಕುಣಿದಾಡಿಬಿಟ್ಟಳು. “ಇದೆ ಸಿಸ್ಟರ್, ಇದೆ! ನೆನೆಸೋದು! ಹೊಸ ಕಾಟನ್ ಬಟ್ಟೆ ಕುಗ್ಗುತ್ತೆ ಅಂತ ನೆನೆಸದೆ ಮಾವ ಯಾವತ್ತೂ ಕತ್ತರಿ ಹಾಕಿದೋರಲ್ಲ!”

ಮರುದಿನ ಬೆಳಿಗ್ಗೆ ಬೆಚ್ಚನೆಯ ಬಚ್ಚಲಲ್ಲಿ ಬಕೆಟ್ ತುಂಬ ಹದವಾದ ನೀರು, ಪಕ್ಕದಲ್ಲಿ ಹೊಸ ಬಟ್ಟೆ. ಅತ್ತಿಗೆ ಬಟ್ಟೆಯ ತುದಿಯನ್ನಷ್ಟೇ ಅದ್ದಿ ಕೂಗಿದಳು: “ಮಾಸ್ಟ್ರೇ, ಇಷ್ಟು ನೆನೆದ್ರೆ ಸಾಕಾ?”

“ಅಯ್ಯೋ, ಹಾಗಲ್ಲ ಹುಡುಗಿ! ಪೂರ್ತಿ ಮುಳುಗಬೇಕು!” ಅಪ್ಪ ತಾವೇ ಎದ್ದು ಬಂದರು! ಸ್ಟೂಲಿನ ಮೇಲೆ ಕೂತು ಮೊಣಕೈವರೆಗೆ ನೀರಲ್ಲಿ ಕೈ ಇಳಿಸಿದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

“ಅಂಗಿ ಒದ್ದೆಯಾಯ್ತಲ್ಲ ಮಾಸ್ಟ್ರೇ.”

“ಬಿಚ್ಚು ಮತ್ತೆ! ನೋಡ್ತಾ ನಿಂತಿದ್ದೀಯಲ್ಲ!”

ಅತ್ತಿಗೆ ಒಂದೊಂದೇ ಗುಂಡಿ ಬಿಚ್ಚಿದಳು. ಕಳ್ಳನ ಸುದ್ದಿಯೇ ಇಲ್ಲ! ಅಪ್ಪ ಬಟ್ಟೆ ಅದುಮುತ್ತ ಯಾವ ನೂಲು ಎಷ್ಟು ಕುಗ್ಗುತ್ತದೆಂದು ವಿವರಿಸುತ್ತಿದ್ದರೆ, ಅವಳು “ಹೌದಾ? ಆಮೇಲೆ?” ಎನ್ನುತ್ತ ಬೆನ್ನಿನ ಮೇಲೆ ಮೆಲ್ಲಗೆ ನೀರು ಹುಯ್ದಳು. ನನಗೆ ಖುಷಿಗೆ ಅಳುವೇ ಬಂತು.

ಮೈ ಒರೆಸಿ, ಮುಲಾಮು ಹಚ್ಚಿ, ಒಗೆದ ಅಂಗಿ ತೊಡಿಸಿದಾಗ ಅಪ್ಪ ಅವಳನ್ನು ದಿಟ್ಟಿಸಿ ನೋಡಿದರು. “ಕೈ ಚುರುಕಾಗಿದೆ. ಯಾರ ಮನೆ ಹುಡುಗಿ ನೀನು?”

ಸೊಸೆಯಾಗಿ ಬಂದವಳಿಗೆ ಕತ್ತರಿ ಹಿಡಿಯಲು ಕಲಿಸಿದ್ದೇ ಅವರು. ಆದರೂ ಅತ್ತಿಗೆಯ ಮುಖ ಬಾಡಲಿಲ್ಲ.

“ಕೆಲಸ ಕಲಿಯೋಕೆ ಬಂದಿದ್ದೀನಿ ಮಾಸ್ಟ್ರೇ.”

“ಹಾಗಾದ್ರೆ ನಾಳೆನೂ ಬಾ. ತಪ್ಪಿಸಬೇಡ.”

ಅತ್ತಿಗೆ ನನ್ನ ರಟ್ಟೆ ಹಿಡಿದು ಅಲುಗಾಡಿಸಿದಳು. “ಕೇಳಿಸ್ತೇನೇ? ನಾಳೆನೂ ಬಾ ಅಂದ್ರು!”