ವೀರಶೆಟ್ಟಿ ಕಾಕಾನ ಶ್ಯಾವಗಿ

ಮೊನ್ನೆ ಹುಮನಾಬಾದಿನ ಹೆದ್ದಾರಿ ಪಕ್ಕದ ಗ್ಯಾರೇಜಿನಲ್ಲಿ ನಮ್ಮ ಟ್ರ್ಯಾಕ್ಟರು ಎಂಜಿನ್ ಬಿಚ್ಚಿಸಿಕೊಂಡು ನಿಂತಿತ್ತು. ಸುತ್ತಲೂ ಡೀಸೆಲ್ ಮತ್ತು ಸುಟ್ಟ ಆಯಿಲಿನ ವಾಸನೆ. ಯಂತ್ರಗಳ ವಿಷಯದಲ್ಲಿ ನನ್ನ ಜ್ಞಾನ ಅಷ್ಟಕ್ಕಷ್ಟೆ. ಮೆಕ್ಯಾನಿಕ್ ಯಾವ ಸಾಮಾನು ಎತ್ತಿ ತೋರಿಸಿದರೂ "ಹೌದಲ್ಲ!" ಎಂದು ಗಂಭೀರವಾಗಿ ತಲೆ ಆಡಿಸುವುದು, ಆಮೇಲೆ ಎಲ್ಲರಿಗೂ ಚಹಾ ತರಿಸುವುದು. ಹಾಗೆ ಕೂತಿದ್ದಾಗ ಆತ ಒಳಗಿದ್ದ ಜೊತೆಗಾರನಿಗೆ ಕೂಗಿದ: "ಏ, ಜರಾ ಆ ಶ್ಯಾವಗಿ ತಾರೋ!"

ನೀವಾಗಿದ್ದರೆ ಊಟದ ಹೊತ್ತಾಯಿತು ಎಂದುಕೊಳ್ಳುತ್ತಿದ್ದಿರಿ. ಒಳಗಿನಿಂದ ಬಂದದ್ದು ಮಾತ್ರ ಕಬ್ಬಿಣದ ಸಾಧನ. ಒಂದು ಅಡ್ಡಪಟ್ಟಿ, ಅದರ ನಡುವೆ ದಪ್ಪ ಸ್ಕ್ರೂ, ಸ್ಕ್ರೂವಿನ ತಲೆಗೆ ಎರಡು ಹಿಡಿಕೆ. ನೋಡಿದ ಕೂಡಲೇ ನನಗೆ ಗುರುತು ಹತ್ತಿತು. ಇದು ಹುಟ್ಟಿದ್ದು ಬಸವಕಲ್ಯಾಣದಲ್ಲಿ, ನಮ್ಮ ವೀರಶೆಟ್ಟಿ ಕಾಕಾನ ಲೇಥ್ ಅಂಗಡಿಯಲ್ಲಿ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಬಸವಕಲ್ಯಾಣದಲ್ಲಿ ಲಾರಿಗಳಿಗೆ ಯಾವತ್ತೂ ಬರವಿರಲಿಲ್ಲ, ಹಾಗಾಗಿ ಕೆಟ್ಟ ಲಾರಿಗಳಿಗೂ ಇರಲಿಲ್ಲ. ಬಂದದ್ದನ್ನು ರಿಪೇರಿ ಮಾಡಿ ಕಳಿಸಿದ್ದರೆ ಕಾಕಾ ಸುಖವಾಗಿರುತ್ತಿದ್ದ. ಅವನಿಗೆ ಹೊಸದೇನಾದರೂ ಕಂಡುಹಿಡಿಯಬೇಕು. ಒಮ್ಮೆ ಡೀಸೆಲ್ ಕಳ್ಳರ ಕಾಟ ತಪ್ಪಿಸಲು ಟ್ಯಾಂಕಿಗೊಂದು ಮುಚ್ಚಳ ಮಾಡಿದ. ಕಳ್ಳರಿಗೆ ಅದನ್ನು ತೆಗೆಯಲಾಗಲಿಲ್ಲ ನಿಜ, ಲಾರಿ ಮಾಲೀಕನಿಗೂ ಆಗಲಿಲ್ಲ. "ಅಂದ್ರ ಮುಚ್ಚಳ ಬರೋಬರಿ ಅದ," ಎಂದು ಕಾಕಾ ಖುಷಿಪಟ್ಟ. ಇನ್ನೊಮ್ಮೆ ಎಂಜಿನ್ ಕಾದರೆ ಕೂಗುವ ಸೀಟಿಯೊಂದನ್ನು ರೇಡಿಯೇಟರಿಗೆ ಕೂಡಿಸಿದ. ಆ ಲಾರಿ ಓಣಿಗೆ ಬಂದರೆ ನಮ್ಮ ಮನೆಯ ಹೆಂಗಸರು ಕುಕ್ಕರ್ ಇಳಿಸಲು ಒಳಗೆ ಓಡುತ್ತಿದ್ದರು.

ಆದರೆ ಲೈನರಿನ ಕಥೆ ಬೇರೆ. ಎಂಜಿನ್ನಿನೊಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ಕೊಳವೆಗೆ ಲೈನರ್ ಎನ್ನುತ್ತಾರೆ. ಸವೆದ ಮೇಲೆ ಅದನ್ನು ಕಿತ್ತು ಹೊಸದನ್ನು ಹಾಕಬೇಕು. ಅದು ಕಚ್ಚಿಕೊಂಡಿತೆಂದರೆ ಜಪ್ಪಯ್ಯ ಎಂದರೂ ಜಗ್ಗದು. ಆಗೆಲ್ಲ ಕೆಳಗಿನಿಂದ ಕಟ್ಟಿಗೆ ಕೊಟ್ಟು ಸುತ್ತಿಗೆಯಿಂದ ಬಡಿಯುತ್ತಿದ್ದರು. ಒಮ್ಮೊಮ್ಮೆ ಲೈನರಿನ ಜೊತೆ ಎಂಜಿನ್ನಿನ ಬ್ಲಾಕೂ ಬಿರುಕು ಬಿಡುತ್ತಿತ್ತು. ಆ ಬಡಿತ ಕೇಳಿದರೆ ಕಾಕಾ ತನ್ನ ಬೆನ್ನಿಗೇ ಬಿದ್ದಂತೆ ಮುಖ ಕಿವುಚುತ್ತಿದ್ದ.

ಒಂದು ಬೇಸಿಗೆಯಲ್ಲಿ ಕಾಕಾನ ಹೆಂಡತಿ, ನಮ್ಮ ಕಾಕು, ಹಿಟ್ಟು ನಾದಿಟ್ಟು ಶ್ಯಾವಗಿ ಒತ್ತಲು ಕೂತಳು. ಹಿಡಿಕೆ ತಿರುಗಿಸಿದಂತೆ ಸ್ಕ್ರೂ ಕೆಳಗಿಳಿದು ಎಳೆಗಳು ಮೆಲ್ಲಗೆ ಹೊರಬರುತ್ತಿದ್ದವು. ಬಾಗಿಲಲ್ಲಿ ನಿಂತು ನೋಡಿದ ಕಾಕಾನ ಮುಖ ಬದಲಾಯಿತು. ಇದು ಒತ್ತುತ್ತದೆ, ತಲೆಕೆಳಗು ಮಾಡಿದರೆ ಲೈನರನ್ನು ಎತ್ತಲೂಬೇಕಲ್ಲ! ಮರುದಿನ ಕಾಕುವಿಗೆ ಮಷಿನ್ ಸಿಗಲಿಲ್ಲ.

"ನನ್ನ ಶ್ಯಾವಗಿ ಮಷಿನ್ ಎಲ್ಲಿ ಅದ ರೀ?"

"ಅದು ಲಾರಿ ಕೆಲಸಕ್ಕ ಹೋಗೇದ."

"ಮಣ್ಣಾಗ ಹೋಗ್ಲಿ ನಿಮ್ಮ ಲಾರಿ! ನಮ್ಮವ್ವ ಕೊಟ್ಟಿದ್ದು ಅದು!"

ಅಡುಗೆಮನೆಯ ಆ ಸ್ಕ್ರೂ ಲಾರಿಯ ಎದುರು ಮೊದಲ ತಿರುವಿಗೇ ಸೊಟ್ಟಗಾಯಿತು. ಕಾಕಾ ಅದೇ ಆಕಾರದಲ್ಲಿ ದಪ್ಪನೆಯದೊಂದನ್ನು ಲೇಥಿನಲ್ಲಿ ಕಡೆದ. ಲೈನರಿನ ಕೆಳ ಅಂಚಿಗೆ ಬಿಲ್ಲೆ ಕೊಟ್ಟು, ಮೇಲಿನಿಂದ ಹಿಡಿಕೆ ತಿರುಗಿಸಿದರೆ ಲೈನರು ಸದ್ದಿಲ್ಲದೆ ಎದ್ದು ಬಂತು. ಅಂಗಡಿಯ ಮುಂದಿದ್ದವರು ಚಪ್ಪಾಳೆ ತಟ್ಟಿದರು. ಕಾಕಾ ಅಕ್ಷರದ ಅಚ್ಚು ತಂದು ಅಡ್ಡಪಟ್ಟಿಯ ಮೇಲೆ 'ವೀರಶೆಟ್ಟಿ ಪುಲ್ಲರ್' ಎಂದು ಹೊಡೆದ.

ಯಾರೂ ಹಾಗೆ ಕರೆಯಲಿಲ್ಲ. ಕಾಕುವಿನ ಕೂಗಾಟ ಓಣಿಗೆಲ್ಲ ಕೇಳಿಸಿತ್ತು, ಹೀಗಾಗಿ ಅದು ಶ್ಯಾವಗಿ ಎಂದೇ ಆಯಿತು. "ವೀರಶೆಟ್ಟಿ ಪುಲ್ಲರ್ ಅನ್ರಿ," ಎಂದು ಕಾಕಾ ಎಲ್ಲರನ್ನೂ ತಿದ್ದುವನು. "ಆಯ್ತ್ರಿ ಉಸ್ತಾದ," ಎಂದು ಅವರು ಶ್ಯಾವಗಿ ಎತ್ತಿಕೊಂಡು ಹೋಗುವರು. ಮುಂದೆ ಬೇರೆ ಅಂಗಡಿಯವರೂ ಅದನ್ನು ಮಾಡತೊಡಗಿದರು, ಹೆಸರಿನ ಅಚ್ಚನ್ನು ಮಾತ್ರ ಬಿಟ್ಟರು. ಕಾಕಾನ ಮುಚ್ಚಳ, ಸೀಟಿಗಳನ್ನೆಲ್ಲ ಜನ ಮರೆತರೆ ಅವನಿಗೆ ಬೇಜಾರಿರಲಿಲ್ಲ. ಇದೊಂದಕ್ಕಾದರೂ ತನ್ನ ಹೆಸರು ಉಳಿಯಬೇಕೆಂಬ ಆಸೆ ಅವನನ್ನು ಬಿಡಲೇ ಇಲ್ಲ. ಮುಪ್ಪಾಗಿ ಅಂಗಡಿಯನ್ನು ಮಗನಿಗೆ ಬಿಟ್ಟ ಮೇಲೂ, ನಾನು ಹೋದಾಗಲೆಲ್ಲ ಕೇಳುತ್ತಾನೆ: "ಹುಮನಾಬಾದದಾಗ ಅದಕ್ಕ ಏನಂತಾರೋ ತಮ್ಮಾ?" ನಾನು ಮಾತು ಮರೆಸುತ್ತೇನೆ.

ಗ್ಯಾರೇಜಿನಲ್ಲಿ ಲೈನರು ಸಲೀಸಾಗಿ ಎದ್ದು ಬಂತು. ಮೆಕ್ಯಾನಿಕ್ ಆ ಸಾಧನವನ್ನು ಬಟ್ಟೆಯಿಂದ ಒರೆಸಿ, ಎಣ್ಣೆ ಹಚ್ಚಿ, ಜೋಪಾನವಾಗಿ ಬದಿಗಿಟ್ಟ. ನಾನು ತಡೆಯಲಾರದೆ ಕೇಳಿದೆ, "ಇದಕ್ಕ ಶ್ಯಾವಗಿ ಅಂತ ಯಾಕಂತಾರ್ರಿ?"

"ಅದು ಜಪಾನ್ ಕಂಪನಿ ಹೆಸರ್ರಿ ಸರ್. ಶಿಯಾವಾಗಿ. ನಮ್ಮ ಮಂದಿಗೆ ಬರೋಬರಿ ಅನ್ನಾಕ ಬರೂದಿಲ್ಲ, ತಿನ್ನೂ ಶ್ಯಾವಗಿ ಮಾಡಿಬಿಟ್ಟಾರ."

ಅಲ್ಲೇ ಅವನಿಗೆ ಎಲ್ಲವನ್ನೂ ಹೇಳಿಬಿಡಬೇಕೆಂದು ನಾಲಿಗೆ ತುರಿಸಿತು. ಆದರೆ ಈ ಸುದ್ದಿ ಮೊದಲು ಕಾಕಾನಿಗೆ ಮುಟ್ಟಬೇಕು ಅನ್ನಿಸಿ, ಸಂಜೆಯ ಬಸ್ಸಿಗೆ ಬಸವಕಲ್ಯಾಣಕ್ಕೆ ಹೋದೆ. ಕಾಕಾ ಕಟ್ಟೆಯ ಮೇಲೆ ಕೂತಿದ್ದ. ಈ ಸಲ ಮಾತು ಮರೆಸದೆ ನಡೆದದ್ದನ್ನು ನಡೆದಂತೆ ಹೇಳಿದೆ. ಒಳಗಿನಿಂದ ಕಾಕು, "ಜಪಾನದ್ದಂತ! ನಮ್ಮ ತವರುಮನೀದು ಅದು," ಎಂದು ಗೊಣಗಿದಳು.

ಕಾಕಾ ನಗಲಿಲ್ಲ. "ಆಂವಗ ನನ್ನ ಹೆಸರು ಹೇಳಿದೇನು?"

"ಇನ್ನೂ ಇಲ್ಲ. ನಾಳಿ ಟ್ರ್ಯಾಕ್ಟರ್ ತರಾಕ ಹೊಂಟೀನಿ. ನೀನೂ ಬಾ ಕಾಕಾ, ನಿನ್ನ ಮುಂದನ ಹೇಳ್ತೀನಿ."

ಅವನು ನನ್ನ ಕಡೆ ಬಾಗಿದ. "ಒರಸಿ, ಎಣ್ಣಿ ಹಚ್ಚಿ ಇಟ್ಟ ಅಂದಿ?"

"ಹೌದು."

"ಹಂಗಾರ ಹೇಳಬ್ಯಾಡ. ಬಸವಕಲ್ಯಾಣದ ವೀರಶೆಟ್ಟಿದು ಅಂತ ತಿಳದ್ರ ನಾಳಿಂದ ಅದನ್ನ ಸುತ್ತಿಗಿಲೆ ಬಡಿತಾನ."

ಅಷ್ಟು ವರ್ಷ ಹಂಬಲಿಸಿದ ಹೆಸರನ್ನು ಕಾಕಾ ಹೀಗೆ ಒಂದೇ ಮಾತಿನಲ್ಲಿ ಬಿಟ್ಟುಕೊಟ್ಟ. ನನಗೆ ನಗೆಯೂ ಬಂತು, ದುಃಖವೂ ಆಯಿತು. ಮರುದಿನ ಗ್ಯಾರೇಜಿನಲ್ಲಿ ಟ್ರ್ಯಾಕ್ಟರು ಸಿದ್ಧವಾಗಿತ್ತು. ಹೊರಡುವಾಗ ನಾನಾಗಿಯೇ ಮೆಕ್ಯಾನಿಕ್ಕಿಗೆ ಹೇಳಿದೆ: "ಆ ಸಾಮಾನು ಜೋಪಾನ ಮಾಡ್ರಿ. ಜಪಾನದ ಮಾಲು, ಮತ್ತ ಸಿಗೂದಿಲ್ಲ."