ಮಾಟಗಾತಿಯ ಪರವಾಗಿ ನನ್ನ ವಕಾಲತ್ತು

ಚಂದ್ರನ ಮೇಲೆ ಮನುಷ್ಯ ಕಾಲಿಟ್ಟು ಎರಡು ವರ್ಷವಾಗಿತ್ತು. ಅಮೆರಿಕದಲ್ಲಿ ನಾವಿದ್ದ ಈಸ್ಟ್ ಬ್ರನ್ಸ್‌ವಿಕ್‌ನ ಲೈಬ್ರರಿಯವರಿಗೆ ಮಾತ್ರ, ಮಾಟಗಾತಿಯರು ಇದ್ದಾರೋ ಇಲ್ಲವೋ ಅನ್ನುವುದು ಇನ್ನೂ ಇತ್ಯರ್ಥವಾಗಿರಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಚರ್ಚೆ ಇಟ್ಟರು. ನೆಪಕ್ಕೆ ಮುನ್ನೂರು ವರ್ಷದ ಹಿಂದಿನ ಒಂದು ಇಂಗ್ಲಿಷ್ ಮೊಕದ್ದಮೆ. ಯಾರೋ ಬಡ ವಿಧವೆ ಪಕ್ಕದ ಮನೆಯ ಕೂಸನ್ನು ಹೊಗಳಿದಳಂತೆ, ಮರುದಿನ ಕೂಸಿಗೆ ಜ್ವರವಂತೆ. ಅವಳನ್ನು ಕೆರೆಗೆ ಎಸೆದು ನೋಡಿದರು. ತೇಲಿದಳು. ಗಲ್ಲಿಗೇರಿಸಿದರು.

ಡಾಕ್ಟರೇಟ್ ಮುಗಿಸಿ ಪ್ರಿನ್ಸ್‌ಟನ್ನಿನ ಲ್ಯಾಬಿನಲ್ಲಿ ಕೆಮಿಸ್ಟ್ ಆಗಿದ್ದ ನನಗೂ ಮಾತಾಡಲು ಕರೆ ಬಂತು. ಇಂಡಿಯಾದವನಿಗೆ ಇಂಥದ್ದೆಲ್ಲ ಮನೆಯ ವಿಷಯ ಅಂದುಕೊಂಡಿರಬೇಕು. ಮೈ ಉರಿಯಿತು. ವಾರವಿಡೀ ಕೂತು ಭಾಷಣ ಬರೆದೆ.

ಈ ವಿಚಾರವಾದಿಯ ಮನೆಯ ಕಥೆಯನ್ನೂ ಹೇಳಬೇಕಲ್ಲ. ಕೆಳಗಿನ ಅಪಾರ್ಟ್‌ಮೆಂಟಿನ ಒಂಟಿ ಅಮೆರಿಕನ್ ಅಜ್ಜಿ ನಮ್ಮ ಎರಡು ವರ್ಷದ ಮಗಳನ್ನು ಹಗಲು ನೋಡಿಕೊಳ್ಳುತ್ತಿದ್ದರು. ನನ್ನ ಹೆಂಡತಿಗೆ ಆಸ್ಪತ್ರೆಯೊಂದರಲ್ಲಿ ಕೆಲಸ. ಒಂದು ಸಂಜೆ ಅಜ್ಜಿ ಮಗುವಿನ ಕೆನ್ನೆ ಹಿಂಡಿ, "ಎಷ್ಟು ಗುಂಡುಗುಂಡಗಿದ್ದಾಳೆ!" ಅಂದರು. ಬೆಳಗಾಗುವುದರೊಳಗೆ ಮಗುವಿಗೆ ಜ್ವರ. ಹೆಂಡತಿ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಸ್ಟೋವಿನ ಮೇಲೆ ಸುಟ್ಟಳು.

"ನೋಡಿ, ಒಂಚೂರೂ ಘಾಟಿಲ್ಲ. ಎಂಥಾ ದೃಷ್ಟಿ ಆಗಿತ್ತು!"

ತಲೆಯ ಮೇಲೆ ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿತ್ತು. ಹಾಕಿದ್ದವನು ನಾನೇ. ಆದರೂ ಎದೆ ಧಸಕ್ಕೆಂದಿತು.

ಜ್ವರ ಇಳಿದ ಮೇಲೆ ಅವಳು ನಿರಾಳವಾಗಿ, "ದೃಷ್ಟಿ ತೆಗೆದಾಯ್ತಲ್ಲ ರೀ, ನಾಳೆಯಿಂದ ಕಳಿಸೋಣ" ಅಂದಳು. ನಾನು, "ಸುಮ್ಮನೆ ಯಾಕೆ ರಿಸ್ಕು?" ಅಂದೆ. ಮೂರು ವಾರ ಅವಳು ರಜಾ ಹಾಕಿದಳು. ಸೋಮವಾರವೂ ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಅಂತ ಆಸ್ಪತ್ರೆಯವರು ಹೇಳಿಬಿಟ್ಟರು. ನಾನು ಭಾಷಣ ತಿದ್ದುತ್ತಿದ್ದೆ.

ಚರ್ಚೆಯಲ್ಲಿ ಒಬ್ಬ ಪಾದ್ರಿ, ಸೈತಾನನಿದ್ದ ಮೇಲೆ ಅವನ ಕೆಲಸದವರೂ ಇರಲೇಬೇಕಲ್ಲ ಅಂದ. ಉದ್ದಕೂದಲಿನವನೊಬ್ಬ ಎದ್ದು, ತಾನೇ ಮಾಟಗಾರ, ಆದರೆ ಒಳ್ಳೆಯ ಪೈಕಿ ಅಂದ. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಆಮೇಲೆ ನನ್ನ ಸರದಿ. "ಮುಳುಗಿದರೆ ನಿರಪರಾಧಿ, ತೇಲಿದರೆ ಮಾಟಗಾತಿ. ಆಹಾ, ಏನು ಪ್ರಯೋಗ!" ಅಂತ ಲೇವಡಿ ಮಾಡಿದೆ. ಸಭೆ ನಕ್ಕಿತು, ಚಪ್ಪಾಳೆ ಬಿತ್ತು.

ಪ್ರಶ್ನೆ ಇದ್ದರೆ ಕೇಳಿ ಅಂದಾಗ ಹಿಂದಿನ ಸಾಲಿನಲ್ಲಿ ಕೆಳಗಿನ ಮನೆಯ ಅಜ್ಜಿ ಎದ್ದು ನಿಂತರು.

"ಚೆನ್ನಾಗಿ ಮಾತಾಡಿದಿರಿ, ಡಾಕ್ಟರ್. ಮಗು ಯಾಕೆ ಬರ್ತಾ ಇಲ್ಲ? ನನ್ನಿಂದ ಏನಾದರೂ ತಪ್ಪಾಯಿತೇ?"

"ನೆಗಡಿ," ಅಂದೆ.

"ಮೂರು ವಾರದಿಂದಲೇ?"

ಮುಂದಿನ ಸಾಲಿನಿಂದ ಹೆಂಡತಿ ಕನ್ನಡದಲ್ಲಿ, "ಹೇಳಿ, ಹೇಳಿ. ಇಲ್ಲೇ ಹತ್ತಿರದಲ್ಲಿ ಕೆರೆ ಎಲ್ಲಿದೆ ಅಂತಾನೂ ಕೇಳಿಬಿಡಿ" ಅಂದಳು. ಭಾಷೆ ತಿಳಿಯದ ಸಭೆ ಸೌಜನ್ಯಕ್ಕೆ ಮುಗುಳ್ನಕ್ಕಿತು.

ಆ ವಿಧವೆಯನ್ನು ಗಲ್ಲಿಗೇರಿಸಿದ ಜಡ್ಜಿಗೆ ವಿಗ್ಗಾದರೂ ಇತ್ತು, ನನಗೆ ಅದೂ ಇರಲಿಲ್ಲ.

"ನಿಮ್ಮದೇನೂ ತಪ್ಪಿಲ್ಲ," ಅಂದೆ. "ಹೆದರಿದವನು ನಾನು. ಸೋಮವಾರ ಕರೆತರ್ತೀನಿ."

ಕರೆದುಕೊಂಡೂ ಹೋದೆ. ಹೆಂಡತಿ ಕೆಲಸಕ್ಕೆ ಹೊರಟಳು. ಅಜ್ಜಿ ಬಾಗಿಲಲ್ಲೇ ಮಗುವನ್ನು ಎತ್ತಿಕೊಂಡು, "ಇನ್ನೂ ಮುದ್ದಾಗಿದ್ದಾಳೆ!" ಅಂದರು. ಪ್ರಿನ್ಸ್‌ಟನ್ ಮುಟ್ಟುವವರೆಗೂ ತಡೆದುಕೊಂಡೆ. ಲ್ಯಾಬಿನಿಂದ ಫೋನ್ ಮಾಡಿ, ಮೈ ಬಿಸಿಯಾಗಿದೆಯಾ ಅಂತ ಕೇಳಿದೆ.

"ಯಾರದ್ದು, ಡಾಕ್ಟರ್," ಅಂದರು ಅಜ್ಜಿ, "ಮಗುವಿನದೋ, ನಿಮ್ಮದೋ?"