ನಾಲ್ಕೇ ಜನ

ಕಮಲವ್ವ ಗದಗಿನ ಕಡೆಯವಳು, ಗಂಡ ಸತ್ತವಳು. ಅಮರೇಶ್ವರ, ಗಿರಿಜಾದೇವಿ ದಂಪತಿ ಎರಡು ಸಾವಿರನೇ ಇಸವಿಗೆ ಕಂಪ್ಯೂಟರು ಕೆಡದಂತೆ ತಿದ್ದುವ ವೈಟುಕೆ ಕೆಲಸದಲ್ಲಿ ಮುಳುಗಿದ್ದಾಗ, ಅಡುಗೆಗೂ ಇಬ್ಬರು ಮಕ್ಕಳಿಗೂ ಜನ ಬೇಕಾಯಿತು. ‘ಚಿಕ್ಕಮ್ಮ’ ಎಂದು ಹೇಳಿ ವಿಸಿಟರ್ ವೀಸಾದಲ್ಲಿ ಅವಳನ್ನು ಅಮೆರಿಕದ ಸಮರ್‌ಸೆಟ್‌ಗೆ ಕರೆಸಿಕೊಂಡರು. ಚಿಕ್ಕಮ್ಮನಿಗೆ ಬೇಸ್‌ಮೆಂಟಿನಲ್ಲಿ, ವಾಷಿಂಗ್ ಮಷೀನಿನ ಪಕ್ಕ ಹಾಸಿಗೆ! ವೀಸಾ ಮುಗಿದು ವರ್ಷವಾದರೂ ಊರಿಗೆ ಕಳಿಸುವ ಮಾತಿಲ್ಲ. ಮನೆ ಮಾಲೀಕ ಕೇಳಲಿ, ಟೌನ್‌ಶಿಪ್ಪಿನವರು ಕೇಳಲಿ, ಉತ್ತರ ಒಂದೇ: ಮನೆಯಲ್ಲಿ ನಾಲ್ಕೇ ಜನ.

ನಾನು ಎದುರು ಮನೆಯವಳು. ಅವಳು ತಟ್ಟಿದ ಜೋಳದ ರೊಟ್ಟಿ ತಿಂದು, “ಪುಣ್ಯ ಮಾಡಿದ್ರಿ ಗಿರಿಜಾ, ಇಂಥಾ ಆಂಟಿ ಸಿಕ್ಕಿದಾರೆ” ಎಂದು ಹೊಗಳಿದವಳು. ಪುಣ್ಯವಂತೆ ಪುಣ್ಯ!

ತೊಂಬತ್ತೊಂಬತ್ತರ ಸೆಪ್ಟೆಂಬರಿನಲ್ಲಿ ಫ್ಲಾಯ್ಡ್ ಚಂಡಮಾರುತ ಬಂದು ಹೊಳೆ ನಮ್ಮ ಬೀದಿಗೇ ನುಗ್ಗಿತು. ಬೆಳಿಗ್ಗೆ ಅಗ್ನಿಶಾಮಕದವರ ದೋಣಿ ಮೊದಲು ನನ್ನನ್ನು ಹತ್ತಿಸಿಕೊಂಡು ಅವರ ಬಾಗಿಲಿಗೆ ಹೋಯಿತು. ಕಮಲವ್ವ ಆಗ ಬೇಸ್‌ಮೆಂಟಿನ ನೀರಿಗಿಳಿದು ಗಿರಿಜಾಳ ರೇಷ್ಮೆ ಸೀರೆಗಳನ್ನು ಮೇಲೆ ಸಾಗಿಸುತ್ತಿದ್ದಳು. ದೋಣಿಯವನು ಎಷ್ಟು ಜನ ಎಂದು ಕೇಳಿದ. “ಫೋರ್” ಎಂದ ಅಮರೇಶ್ವರ. ಬಾಯಿಪಾಠವಾಗಿದ್ದ ಮಾತು, ಗಾಬರಿಯಲ್ಲಿ ಬಂದುಬಿಟ್ಟಿತು ಎಂದೇ ಇಟ್ಟುಕೊಳ್ಳೋಣ. ಆದರೆ ಆರು ವರ್ಷದ ಮಗಳು ರಕ್ಷಾ, “ವಾಟ್ ಅಬೌಟ್ ಕಮಲವ್ವ?” ಎಂದಳಲ್ಲ! ಗಿರಿಜಾ ಮಗಳ ಮುಖವನ್ನು ಎದೆಗೆ ಒತ್ತಿಕೊಂಡಳು.

“ಈಗ ಹೇಳಿದ್ರ ನಮ್ಮ ಗ್ರೀನ್ ಕಾರ್ಡ್ ಹೋಗ್ತದರೀ” ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು.

ನಾನೂ ಗಂಡನ ವೀಸಾದ ಬಾಲ ಹಿಡಿದು ಬಂದವಳು. ಬಾಯಿ ತೆರೆಯಲಿಲ್ಲ. ಇವತ್ತಿಗೂ ನಾಚಿಕೆಯಾಗುತ್ತದೆ.

ಎರಡು ದಿನ ಹೈಸ್ಕೂಲಿನ ಜಿಮ್‌ನಲ್ಲಿ ನಮಗೆಲ್ಲ ಮಂಚ, ಕಂಬಳಿ, ಬಿಸಿ ಸೂಪು. ಗಿರಿಜಾ ಸೀರೆಗಳಿಗಾಗಿ ಮರುಗಿದಳು. ಕಮಲವ್ವನ ಹೆಸರನ್ನು ರಕ್ಷಾ ಒಬ್ಬಳೇ ಎತ್ತುತ್ತಿದ್ದಳು, ಬೈಸಿಕೊಳ್ಳುತ್ತಿದ್ದಳು.

ನೀರಿಳಿದ ಮೇಲೆ ಅವರ ಹಿಂದೆಯೇ ಒಳಗೆ ನುಗ್ಗಿದೆ. ಕಮಲವ್ವ ಮಹಡಿಯ ಮೆಟ್ಟಿಲ ತುದಿಯಲ್ಲಿ ನಡುಗುತ್ತ ಕೂತಿದ್ದಳು. ಬದುಕಿದ್ದಾಳೆ! ನನಗೆ ಅಳುವೇ ಬಂತು. ಗಿರಿಜಾ ಮೊದಲು ಕೇಳಿದ್ದು, “ಯಾರರ ಬಂದಿದ್ರೇನು?”

“ನೀವು ಹ್ವಾದ ಮರುದಿನ ಮತ್ತ ದೋಣ್ಯಾಗ ಬಂದಿದ್ರು ಯವ್ವಾ. ಬಾಗಲಾ ಬಡದು ಭಾಳ ಹೊತ್ತು ಕೂಗಿದ್ರು. ನಿಮಗ ತ್ರಾಸ ಆಗಬಾರದಂತ ಬಾಯಾಗ ಸೆರಗು ತುರುಕ್ಕೊಂಡು ಕುಂತೆ.”

“ಚಲೋ ಮಾಡಿದಿ” ಎಂದಳು ಗಿರಿಜಾ, ನಿಜವಾಗಿಯೂ ಸಮಾಧಾನಗೊಂಡು.